4ಕೆ ಎಡಿಟಿಂಗ್ + ಬ್ಲೆಂಡರ್ ಬಿಲ್ಡ್: 9950ಎಕ್ಸ್3ಡಿ, 5090, 192 ಜಿಬಿ ರ್ಯಾಮ್. ಪಟ್ಟಿಯಲ್ಲಿ ಎಲ್ಲಿ ಎಡವಿದ್ದೇನೆ?

ಟೈಮ್‌ಲೈನ್:

ನಮಸ್ಕಾರ. ಹೊಸ ಡೆಸ್ಕ್‌ಟಾಪ್‌ಗೆ ಪಟ್ಟಿ ಮಾಡಿಟ್ಟಿದ್ದೇನೆ, ಇನ್ನೂ ಒಂದು ಭಾಗವನ್ನೂ ಕೊಂಡಿಲ್ಲ. ಮುಖ್ಯ ಕೆಲಸ ಡಾವಿಂಚಿ ರಿಸಾಲ್ವ್‌ನಲ್ಲಿ 4ಕೆ ಎಡಿಟಿಂಗ್. ಕ್ಯಾಮೆರಾದಿಂದ ಬರುವುದು ಎಚ್.265, 10 ಬಿಟ್, 4:2:2 (ಬಣ್ಣದ ವಿವರ ಹೆಚ್ಚು ಉಳಿಸುವ ಬಗೆ). ಜೊತೆಗೆ ಬ್ಲೆಂಡರ್ (3ಡಿ ಸಾಫ್ಟ್‌ವೇರ್) ಸೈಕಲ್ಸ್ ರೆಂಡರ್, ಬಿಡುವಾದಾಗ 4ಕೆ ಗೇಮ್.

ಪ್ರೊಸೆಸರ್: ರೈಝೆನ್ 9 9950ಎಕ್ಸ್3ಡಿ
ಬೋರ್ಡ್: ಎಕ್ಸ್870ಇ, ಯಾವುದು ಎಂದು ಇನ್ನೂ ತೀರ್ಮಾನವಾಗಿಲ್ಲ
ರ್ಯಾಮ್: 48 ಜಿಬಿಯ 4 ಸ್ಟಿಕ್, ಡಿಡಿಆರ್5-6000 (ಎರಡು ಕಿಟ್)
ಗ್ರಾಫಿಕ್ಸ್: ಆರ್‌ಟಿಎಕ್ಸ್ 5090
ಎಸ್‌ಎಸ್‌ಡಿ: ಜೆನ್5 (ಪಿಸಿಐಇ ಐದನೇ ಪೀಳಿಗೆ) ಒಂದು, ಜೆನ್4 ಎರಡು
ಕ್ಯಾಪ್ಚರ್ ಕಾರ್ಡ್: ನಾಲ್ಕು ಲೇನಿನದು (ಲೇನ್ ಅಂದರೆ ಡೇಟಾ ಓಡುವ ದಾರಿ)
ಕೂಲರ್: 360 ಎಂಎಂ ಲಿಕ್ವಿಡ್
ಪವರ್ ಸಪ್ಲೈ: 1000 ವ್ಯಾಟ್, 80 ಪ್ಲಸ್ ಗೋಲ್ಡ್
ಕೇಸ್: ಎರಡು ಕಡೆ ಗಾಜು ಇರುವ ಮಿಡ್ ಟವರ್

ಮೂರು ಪ್ರಶ್ನೆ. ಎಕ್ಸ್3ಡಿ ಬೇಕಾ, ಬರೀ 9950ಎಕ್ಸ್ ಸಾಕಾ? 192 ಜಿಬಿ 6000ದಲ್ಲಿ ಓಡುತ್ತದಾ? ಈ ಪವರ್ ಸಪ್ಲೈ ಸಾಲುತ್ತದಾ?

ಹದಿನಾರು ಲೇನ್:

ನೀವು ಕೇಳಿದ ಮೂರಕ್ಕಿಂತ ದೊಡ್ಡ ತೊಡಕು ಕೇಳದೆ ಬಿಟ್ಟ ಜಾಗದಲ್ಲಿದೆ: ಬೋರ್ಡ್. "ಇನ್ನೂ ತೀರ್ಮಾನವಾಗಿಲ್ಲ" ಎಂದು ಬರೆದಿದ್ದೀರಲ್ಲ, ಈ ಪಟ್ಟಿಯಲ್ಲಿ ಮೊದಲು ತೀರ್ಮಾನ ಆಗಬೇಕಾದದ್ದೇ ಅದು.

ಎಎಂ5 (ಈ ರೈಝೆನ್‌ಗಳ ಸಾಕೆಟ್) ಪ್ರೊಸೆಸರ್‌ನಿಂದ ಹೊರಡುವುದು ಒಟ್ಟು 28 ಪಿಸಿಐಇ 5.0 ಲೇನ್. ನಾಲ್ಕು ಚಿಪ್‌ಸೆಟ್‌ಗೆ (ಬೋರ್ಡ್‌ನ ಉಳಿದ ಪೋರ್ಟ್, ಸ್ಲಾಟ್ ನೋಡಿಕೊಳ್ಳುವ ಚಿಪ್) ಹೋಗುತ್ತವೆ, 24 ಉಳಿಯುತ್ತವೆ. ಅದರಲ್ಲಿ 16 ಗ್ರಾಫಿಕ್ಸ್‌ಗೆ, 4 ಮೊದಲ ಎಂ.2 (ಎಸ್‌ಎಸ್‌ಡಿ ಕೂರುವ) ಸ್ಲಾಟ್‌ಗೆ. ಕೊನೆಯ ನಾಲ್ಕರ ಮೇಲೆಯೇ ಎಲ್ಲ ಕಿತ್ತಾಟ. ಎಕ್ಸ್870ಇ ಬೋರ್ಡ್‌ಗಳಲ್ಲಿ ಯುಎಸ್‌ಬಿ4 ಕಡ್ಡಾಯ, ಅದರ ಕಂಟ್ರೋಲರ್‌ಗೂ ನಾಲ್ಕು ಲೇನ್ ಬೇಕು. ಹಾಗಾಗಿ ಬೋರ್ಡ್ ತಯಾರಕರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ.

ಒಂದು, ಎರಡನೇ ಎಂ.2 ಸ್ಲಾಟ್ ಯುಎಸ್‌ಬಿ4 ಜೊತೆ ಲೇನ್ ಹಂಚಿಕೊಳ್ಳುತ್ತದೆ. ಅಲ್ಲಿ ಡ್ರೈವ್ ಹಾಕಿದರೆ ಎರಡಕ್ಕೂ ಎರಡೆರಡು ಲೇನ್. ಪೂರ್ತಿ ನಾಲ್ಕು ಬೇಕಾದರೆ ಬಯೋಸ್‌ನಲ್ಲಿ ಯುಎಸ್‌ಬಿ4 ಬಂದ್ ಮಾಡಬೇಕು. ಇನ್ನೊಂದು, ಎರಡನೇ ಮತ್ತು ಮೂರನೇ ಎಂ.2 ಸ್ಲಾಟ್‌ಗಳು ಗ್ರಾಫಿಕ್ಸ್‌ನ ಹದಿನಾರರಿಂದಲೇ ಕಿತ್ತುಕೊಳ್ಳುತ್ತವೆ. ಅಲ್ಲಿ ಡ್ರೈವ್ ಕೂತ ಕ್ಷಣ ಕಾರ್ಡ್ ಎಂಟು ಲೇನ್‌ಗೆ ಇಳಿಯುತ್ತದೆ. ಪೆಟ್ಟಿಗೆಯ ಮೇಲೆ ಇದನ್ನು ಯಾರೂ ಬರೆಯುವುದಿಲ್ಲ. ಮ್ಯಾನ್ಯುಯಲ್‌ನ ಬ್ಲಾಕ್ ಡಯಾಗ್ರಾಮ್‌ನಲ್ಲೋ, ಸ್ಪೆಸಿಫಿಕೇಶನ್ ಪುಟದ ಕೆಳಗೆ ಸಣ್ಣ ಅಕ್ಷರದಲ್ಲೋ ಇರುತ್ತದೆ. ಕೊಳ್ಳುವ ಮೊದಲು ಪಿಡಿಎಫ್ ಇಳಿಸಿಕೊಂಡು ಓದಿ.

ಎಂಟು ಲೇನ್ ಎಂದರೆ ಗಾಬರಿ ಬೇಡ. ಜೆನ್5ನ 8 ಲೇನ್, ಜೆನ್4ನ 16 ಲೇನ್‌ಗೆ ಸಮ, ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 32 ಜಿಬಿ. ಗೇಮ್‌ನಲ್ಲಿ ವ್ಯತ್ಯಾಸ ಕಾಣುವುದೇ ಅಪರೂಪ. ಆದರೆ ಕಾರ್ಡನ್ನು ಲಂಬವಾಗಿ ನಿಲ್ಲಿಸಲು ಜೆನ್4 ರೈಸರ್ ಕೇಬಲ್ ಹಾಕಿದರೆ ಅದೇ ಎಂಟು ಲೇನ್ ಜೆನ್4 ವೇಗಕ್ಕೆ ಬೀಳುತ್ತದೆ, ಅಂದರೆ ಅರ್ಧಕ್ಕೆ ಅರ್ಧ.

ನಿಮ್ಮ ಮೂರು ಡ್ರೈವ್‌ಗಳನ್ನು ಹೀಗೆ ಕೂರಿಸಿ: ಜೆನ್5 ಡ್ರೈವ್ ಪ್ರೊಸೆಸರ್ ಪಕ್ಕದ ಮೊದಲ ಸ್ಲಾಟ್‌ಗೆ, ಜೆನ್4 ಎರಡೂ ಚಿಪ್‌ಸೆಟ್‌ನಿಂದ ಬರುವ ಸ್ಲಾಟ್‌ಗಳಿಗೆ. ಚಿಪ್‌ಸೆಟ್ ಮತ್ತು ಪ್ರೊಸೆಸರ್ ನಡುವಿನ ಕೊಂಡಿ ಜೆನ್4ನ ನಾಲ್ಕೇ ಲೇನ್, ಸೆಕೆಂಡಿಗೆ 8 ಜಿಬಿಗೆ ಒಂದಿಷ್ಟು ಕಡಿಮೆ. ಎರಡು ಡ್ರೈವ್, ಕ್ಯಾಪ್ಚರ್ ಕಾರ್ಡ್, ನೆಟ್‌ವರ್ಕ್ ಎಲ್ಲವೂ ಅದನ್ನೇ ಹಂಚಿಕೊಳ್ಳುತ್ತವೆ. ಎಲ್ಲವೂ ಒಟ್ಟಿಗೆ ಪೂರ್ತಿ ವೇಗದಲ್ಲಿ ಓಡುವ ಸಂದರ್ಭ ಎಡಿಟಿಂಗ್‌ನಲ್ಲಿ ಬರುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ.

ಕ್ಯಾಪ್ಚರ್ ಕಾರ್ಡ್ ವಿಷಯದಲ್ಲಿ ಮಾತ್ರ ತಲೆ ಕೆಡಿಸಿಕೊಳ್ಳಿ. ಎನ್‌ವಿಡಿಯಾ ಬಿಟ್ಟು ಬೇರೆ ಕಂಪನಿಗಳು ಮಾಡುವ 5090 ಕಾರ್ಡ್‌ಗಳು ಮೂರೂವರೆ ಸ್ಲಾಟ್ ದಪ್ಪ ಇರುವುದು ಸಾಮಾನ್ಯ. ಅದರ ಕೆಳಗಿನ ಎರಡು ಮೂರು ಸ್ಲಾಟ್ ಮುಚ್ಚಿಹೋಗುತ್ತವೆ. ಬೋರ್ಡ್‌ನ ಅತ್ಯಂತ ಕೆಳಗಿನ ಸ್ಲಾಟ್ ನಾಲ್ಕು ಲೇನಿನದಾ, ಅದಕ್ಕೆ ಎಂ.2 ಯಾವುದಾದರೂ ಅಡ್ಡ ಬರುತ್ತದಾ ಎಂದು ನೋಡಿಯೇ ಬೋರ್ಡ್ ಆರಿಸಿ.

ನೋಡ್‌ಟ್ರೀ:

ರ್ಯಾಮ್ ಬಗ್ಗೆ ಹೇಳಿಬಿಡುತ್ತೇನೆ. 192 ಜಿಬಿಯನ್ನು 6000ಕ್ಕೆ ಓಡಿಸುತ್ತೇನೆ ಎಂದು ಲೆಕ್ಕ ಹಾಕಿ ಕೊಳ್ಳಬೇಡಿ.

ರೈಝೆನ್ 9000ಕ್ಕೆ ಎಎಂಡಿ ಅಧಿಕೃತವಾಗಿ ಹೇಳುವುದು ಎರಡು ಸ್ಟಿಕ್ ಇದ್ದರೆ ಡಿಡಿಆರ್5-5600, ನಾಲ್ಕು ಇದ್ದರೆ 3600. ಅದಕ್ಕಿಂತ ಮೇಲೆ ಹೋದದ್ದೆಲ್ಲ ಓವರ್‌ಕ್ಲಾಕ್. ಎರಡು ಸ್ಟಿಕ್‌ನಲ್ಲಿ 6000 ಸಾಮಾನ್ಯವಾಗಿ ತೊಂದರೆ ಇಲ್ಲದೆ ಬರುತ್ತದೆ. ನಾಲ್ಕರಲ್ಲಿ ಒಂದೊಂದು ಚಾನೆಲ್ ಮೇಲೂ ಹೊರೆ ಇಮ್ಮಡಿ. ಬೋರ್ಡ್, ಬಯೋಸ್, ಆ ನಿರ್ದಿಷ್ಟ ಪ್ರೊಸೆಸರ್‌ನ ಮೆಮೊರಿ ಕಂಟ್ರೋಲರ್, ಮೂರೂ ಕೂಡಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಬ್ಯಾಂಡ್‌ವಿಡ್ತ್ ಲೆಕ್ಕ ನೋಡಿ: 6000ದಲ್ಲಿ ಎರಡು ಚಾನೆಲ್ ಸೇರಿ ಸೆಕೆಂಡಿಗೆ 96 ಜಿಬಿ, 3600ರಲ್ಲಿ 57.6. ಸಾಮರ್ಥ್ಯ ಇಮ್ಮಡಿ ಮಾಡಲು ಹೋಗಿ ವೇಗದಲ್ಲಿ ಶೇ. 40 ಕಳೆದುಕೊಂಡಂತೆ.

64 ಜಿಬಿಯ ಎರಡು ಸ್ಟಿಕ್ ಇರುವ ಒಂದೇ ಕಿಟ್ ತೆಗೆದುಕೊಳ್ಳಿ, 128 ಜಿಬಿ ಆಯಿತು. ಅಷ್ಟು ಬೇಡವಾದರೆ 48ರ ಎರಡು, 96 ಜಿಬಿ. 4ಕೆ ಎಡಿಟಿಂಗ್‌ಗೆ 96 ಧಾರಾಳ. ದೊಡ್ಡ ಸಿಮ್ಯುಲೇಶನ್ ಬೇಕ್ ಮಾಡುವವರಿಗೆ 128. ಎಕ್ಸ್‌ಪೋ (ಎಎಂಡಿಯ ಸಿದ್ಧ ಓವರ್‌ಕ್ಲಾಕ್ ಸೆಟ್ಟಿಂಗ್) ಪ್ರೊಫೈಲ್ ಇರುವುದನ್ನೇ ನೋಡಿ, ಬೋರ್ಡ್ ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿ ಕಿಟ್‌ನ ಪಾರ್ಟ್ ನಂಬರ್ ಅಕ್ಷರಶಃ ಹುಡುಕಿ. "ಎರಡು ಕಿಟ್, ಒಂದೇ ಮಾಡೆಲ್" ಎಂಬುದಕ್ಕೆ ಬೆಲೆ ಇಲ್ಲ. ಒಂದೇ ಹೆಸರಿನ ಎರಡು ಕಿಟ್‌ಗಳ ಒಳಗೆ ಬೇರೆ ಬೇರೆ ಕಂಪನಿಯ ಚಿಪ್ ಇರಬಹುದು. ತಯಾರಕರು ಪರೀಕ್ಷಿಸಿ ಖಾತ್ರಿ ಕೊಡುವುದು ಒಂದು ಕಿಟ್ ಒಳಗಿನ ಸ್ಟಿಕ್‌ಗಳಿಗೆ ಮಾತ್ರ.

ಇನ್ನು ಎಕ್ಸ್3ಡಿ. ಅದರಲ್ಲಿ ಎಂಟು ಕೋರ್‌ನ ಎರಡು ತುಂಡುಗಳಿವೆ. ಹೆಚ್ಚುವರಿ 64 ಎಂಬಿ ಕ್ಯಾಶೆ ಇರುವುದು ಒಂದರ ಮೇಲೆ ಮಾತ್ರ: ಆ ತುಂಡಿಗೆ 96 ಎಂಬಿ ಎಲ್3, ಇನ್ನೊಂದಕ್ಕೆ 32. ಗೇಮ್ ಯಾವ ತುಂಡಿನಲ್ಲಿ ಓಡಬೇಕು ಎಂಬುದನ್ನು ನೋಡಿಕೊಳ್ಳುವುದು ಎಎಂಡಿ ಚಿಪ್‌ಸೆಟ್ ಡ್ರೈವರ್, ವಿಂಡೋಸ್ ಗೇಮ್ ಮೋಡ್ ಮತ್ತು ಎಕ್ಸ್‌ಬಾಕ್ಸ್ ಗೇಮ್ ಬಾರ್. "ಬೇಡದ ಸಾಫ್ಟ್‌ವೇರ್" ಎಂದು ಗೇಮ್ ಬಾರ್ ಕಿತ್ತು ಹಾಕಿ, ಆಮೇಲೆ ಗೇಮ್ ತಡವರಿಸುತ್ತದೆ ಎನ್ನುವವರಿಗೆ ಕಡಿಮೆಯಿಲ್ಲ. ರೆಂಡರ್‌ನಲ್ಲಿ 9950ಎಕ್ಸ್‌ಗೂ ಇದಕ್ಕೂ ಹೇಳಿಕೊಳ್ಳುವ ಅಂತರ ಇಲ್ಲ. 4ಕೆ ಗೇಮ್‌ನಲ್ಲಿ ಹೆಚ್ಚಿನ ಹೊತ್ತು ಅಡಚಣೆ ಗ್ರಾಫಿಕ್ಸ್ ಕಾರ್ಡ್ ಕಡೆಯಿಂದಲೇ ಬರುವುದರಿಂದ ಕ್ಯಾಶೆಯ ಲಾಭ ಅಲ್ಲೂ ಕಿರಿದಾಗುತ್ತದೆ. ಗೇಮ್ ನಿಮಗೆ ಮೂರನೇ ಸ್ಥಾನದಲ್ಲಿದೆ ಎಂದರೆ ನನ್ನ ಮತ 9950ಎಕ್ಸ್‌ಗೆ. ಉಳಿಸಿದ್ದನ್ನು ಪವರ್ ಸಪ್ಲೈ ಮೇಲೆ ಹಾಕಿ.

4:2:2 ಬಗ್ಗೆ: ಮೊದಲು ಇದೇ ಕಾರಣಕ್ಕೆ ಇಂಟೆಲ್‌ನ ಕ್ವಿಕ್ ಸಿಂಕ್ (ಪ್ರೊಸೆಸರ್ ಒಳಗಿನ ವಿಡಿಯೋ ಡಿಕೋಡರ್) ಬೇಕು ಎನ್ನುತ್ತಿದ್ದರು. ಆರ್‌ಟಿಎಕ್ಸ್ 40 ಸರಣಿಯವರೆಗೆ ಎನ್‌ವಿಡಿಯಾ ಕಾರ್ಡ್‌ಗಳು ಎಚ್.265 4:2:2 ಅನ್ನು ಹಾರ್ಡ್‌ವೇರ್‌ನಲ್ಲಿ ಡಿಕೋಡ್ ಮಾಡುತ್ತಿರಲಿಲ್ಲ. 50 ಸರಣಿ ಮಾಡುತ್ತದೆ, ಎನ್‌ಕೋಡ್ ಕೂಡ. ಹಾಗಾಗಿ 5090 ಇದ್ದ ಮೇಲೆ ಆ ಕಾರಣಕ್ಕಾಗಿ ಇಂಟೆಲ್ ಕಡೆ ಹೋಗುವ ಅಗತ್ಯ ಇಲ್ಲ. ರೈಝೆನ್ ಒಳಗಿನ ಪುಟ್ಟ ಗ್ರಾಫಿಕ್ಸ್ ಇದಕ್ಕೆ ಪ್ರಯೋಜನಕ್ಕಿಲ್ಲ. ಕಾರ್ಡ್ ಕೈಕೊಟ್ಟಾಗ ಪರದೆ ಹೊತ್ತಿಸಲು ಸಾಕು.

ಪಿನ್‌ಔಟ್:

ಪವರ್ ಸಪ್ಲೈ ಸಾಲುತ್ತದಾ? ಅಂಚಿನಲ್ಲಿದೆ. ಎನ್‌ವಿಡಿಯಾ 5090ಕ್ಕೆ ಹೇಳುವ ಕನಿಷ್ಠವೇ 1000 ವ್ಯಾಟ್. ಕಾರ್ಡ್ 575, ಪ್ರೊಸೆಸರ್ ಪೂರ್ತಿ ಹೊರೆಯಲ್ಲಿ 200ರ ಆಸುಪಾಸು (170 ಎಂದು ಬರೆದಿರುವುದು ಟಿಡಿಪಿ, ಅಂದರೆ ಕೂಲರ್ ಆರಿಸಲು ಕೊಟ್ಟ ಲೆಕ್ಕ, ಪ್ರೊಸೆಸರ್ ಎಳೆಯುವ ಗರಿಷ್ಠವಲ್ಲ), ಬೋರ್ಡ್, ರ್ಯಾಮ್, ಡ್ರೈವ್, ಪಂಪ್, ಫ್ಯಾನ್ ಎಲ್ಲ ಸೇರಿ 80–100. ಒಟ್ಟು 900 ಹತ್ತಿರ. ಓಡುತ್ತದೆ, ಆದರೆ ಫ್ಯಾನ್ ಇಡೀ ರೆಂಡರ್ ಹೊತ್ತು ಕೂಗುತ್ತಿರುತ್ತದೆ. 1200 ವ್ಯಾಟ್ ಹಾಕಿ.

ವ್ಯಾಟ್‌ಗಿಂತ ಮುಖ್ಯವಾದದ್ದು ಎಟಿಎಕ್ಸ್ 3.1 (ಪವರ್ ಸಪ್ಲೈಗಳ ಹೊಸ ಮಾನದಂಡ) ಎಂದು ಬರೆದಿರುವುದು. ಕಾರ್ಡ್‌ಗಳು ಕ್ಷಣಮಾತ್ರಕ್ಕೆ ಸರಾಸರಿಗಿಂತ ಬಹಳ ಹೆಚ್ಚು ಎಳೆಯುತ್ತವೆ. ಎಟಿಎಕ್ಸ್ 3 ಸಪ್ಲೈಗಳು ತಮ್ಮ ರೇಟಿಂಗ್‌ನ ಶೇ. 200ರಷ್ಟನ್ನು 100 ಮೈಕ್ರೋಸೆಕೆಂಡ್ ತಡೆದುಕೊಳ್ಳಬೇಕು ಎಂಬ ನಿಯಮವಿದೆ. ಹಳೆಯ ವಿನ್ಯಾಸದವು ಅಂಥ ಹೊಡೆತಕ್ಕೆ ರಕ್ಷಣಾ ಸರ್ಕಿಟ್ ಎದ್ದು ಪಟ್ಟನೆ ಆರುತ್ತವೆ. ನೋಡಿದವರಿಗೆ ಕಾರ್ಡ್ ಕೆಟ್ಟಂತೆ ಕಾಣುತ್ತದೆ. 80 ಪ್ಲಸ್ ಗೋಲ್ಡ್ ಎಂಬುದು ದಕ್ಷತೆಯ ಮುದ್ರೆ ಅಷ್ಟೆ. ವೋಲ್ಟೇಜ್ ಎಷ್ಟು ಸ್ಥಿರ, ರಕ್ಷಣೆ ಎಷ್ಟು ಚುರುಕು, ಯಾವುದನ್ನೂ ಅದು ಹೇಳುವುದಿಲ್ಲ.

ಈಗ ಕನೆಕ್ಟರ್. ಕಾರ್ಡ್‌ಗೆ ಕರೆಂಟ್ ಕೊಡುವ 12ವಿ-2ಎಕ್ಸ್6 ನಲ್ಲಿ 12 ವೋಲ್ಟ್ ಹೊರುವ ಪಿನ್ ಆರು. 575 ವ್ಯಾಟ್ ಅಂದರೆ 48 ಆಂಪಿಯರ್, ಪಿನ್ ಒಂದಕ್ಕೆ 8. ಒಂದು ಪಿನ್ ಹೊರಬಲ್ಲದ್ದು 9 ಚಿಲ್ಲರೆ ಆಂಪಿಯರ್. ಎಷ್ಟು ಕಡಿಮೆ ಅಂತರ ನೋಡಿ. ಎರಡು ಪಿನ್ ಸರಿಯಾಗಿ ತಾಗದೇ ಹೋದರೆ ಉಳಿದ ನಾಲ್ಕರ ಮೇಲೆ ತಲಾ 12 ಬೀಳುತ್ತದೆ. ಬಹುತೇಕ ಕಾರ್ಡ್‌ಗಳು ಪಿನ್ ಪಿನ್‌ಗೂ ಬೇರೆಯಾಗಿ ಕರೆಂಟ್ ಅಳೆಯುವುದಿಲ್ಲ, ಎಲ್ಲವನ್ನೂ ಒಟ್ಟಿಗೆ ಸೇರಿಸಿಕೊಳ್ಳುತ್ತವೆ. ಆದ್ದರಿಂದ ಏನೋ ತಪ್ಪಾಗಿದೆ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಪ್ಲಾಸ್ಟಿಕ್ ಕರಗಿದ ಮೇಲೆ ನಮಗೆ ಗೊತ್ತಾಗುತ್ತದೆ.

ಹಾಗಾಗಿ: ಸಪ್ಲೈ ಜೊತೆ ಬಂದ ನೇರ ಕೇಬಲ್ ಬಳಸಿ, ನಾಲ್ಕು 8-ಪಿನ್ ಸೇರುವ ಅಡಾಪ್ಟರ್ ಬೇಡ. ಕಾರ್ಡ್ ಬೋರ್ಡ್‌ಗೆ ಹಾಕುವ ಮೊದಲೇ, ಕೈಯಲ್ಲಿ ಹಿಡಿದಿರುವಾಗ ಕೇಬಲ್ ಒತ್ತಿ. ಗ್ಯಾಪ್ ಒಂದಿಷ್ಟೂ ಕಾಣಬಾರದು. ಕನೆಕ್ಟರ್‌ನಿಂದ 35 ಮಿ.ಮೀ. ತನಕ ಕೇಬಲ್ ನೇರವಾಗಿರಬೇಕು, ಆಮೇಲೆ ಬಾಗಿಸಿ. ಮೇಲಿಂದ ಮೇಲೆ ಕಿತ್ತು ಹಾಕುವ ಆಟ ಬೇಡ.

ಇನ್ನೊಂದು, ಇದನ್ನು ಎಷ್ಟು ಸಲ ಹೇಳಿದರೂ ಸಾಲದು: ಹಳೆಯ ಸಪ್ಲೈನ ಮಾಡ್ಯುಲರ್ ಕೇಬಲ್ ಹೊಸದಕ್ಕೆ ಹಾಕಬೇಡಿ. ಡ್ರೈವ್ ಕಡೆಯ ತುದಿಗೆ ಸ್ಟ್ಯಾಂಡರ್ಡ್ ಇದೆ, ಸಪ್ಲೈ ಕಡೆಯ ತುದಿಗೆ ಇಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ತಂತಿಯ ಜಾಗ ಅದಲುಬದಲಾಗಿರಬಹುದು. 5 ವೋಲ್ಟ್ ಹೋಗಬೇಕಾದಲ್ಲಿ 12 ಹೋದರೆ ಡ್ರೈವ್ ಅಲ್ಲಿಗೇ ಮುಗಿಯಿತು.

ಯುಪಿಎಸ್ ಇದ್ದರೆ ಅದರ ವಿಎ ನೋಡಬೇಡಿ, ವ್ಯಾಟ್ ನೋಡಿ. ಪ್ಯೂರ್ ಸೈನ್ ವೇವ್ ಆಗಿರಲಿ. ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕಿಟ್) ಇರುವ ಸಪ್ಲೈಗಳು ಮೆಟ್ಟಿಲು ಮೆಟ್ಟಿಲಾದ ಅಲೆಗೆ ಬ್ಯಾಟರಿಗೆ ಬದಲಾಗುವ ಹೊತ್ತಿನಲ್ಲೇ ಆರಿಬಿಡಬಹುದು.

ಬಿಸಿಗಾಳಿ:

ಕೇಸ್ ಬಗ್ಗೆ ಯಾರೂ ಮಾತಾಡಿಲ್ಲ. 575 + 200 ವ್ಯಾಟ್ ಬಿಸಿ ಒಂದು ಗಾಜಿನ ಪೆಟ್ಟಿಗೆಯೊಳಗೆ! ಮುಂಭಾಗವೂ ಗಾಜಾದರೆ ಗಾಳಿ ಕೆಳಗಿನಿಂದಲೋ ಪಕ್ಕದಿಂದಲೋ ಬರಬೇಕು. ಕಾರ್ಡ್‌ನ ಕೆಳಗೆ ಮೂರು 120 ಎಂಎಂ ಫ್ಯಾನ್ ಕೂರುವ ಕೇಸ್ ಆದರೆ ಸರಿ. ಇಲ್ಲವೆಂದರೆ ಗಾಜಿನ ಆಸೆ ಬಿಟ್ಟು ಮುಂದೆ ಜಾಲರಿ ಇರುವುದನ್ನು ನೋಡಿ.

ಅಳತೆ ಪಟ್ಟಿ ಹಿಡಿಯಿರಿ. 5090 ಕಾರ್ಡ್‌ಗಳಲ್ಲಿ 350 ಮಿ.ಮೀ. ದಾಟುವವು ಇವೆ. ಕೇಸ್‌ನವರು ಕೊಡುವ "ಗರಿಷ್ಠ ಕಾರ್ಡ್ ಉದ್ದ" ಮುಂದೆ ರೇಡಿಯೇಟರ್ ಇಲ್ಲದಾಗಿನ ಲೆಕ್ಕ ಇರಬಹುದು. ಅಗಲವೂ ಅಷ್ಟೇ: ಪಿನ್‌ಔಟ್ ಹೇಳಿದ 35 ಮಿ.ಮೀ. ನೇರ ಕೇಬಲ್ ಗಾಜಿಗೆ ತಾಗದೆ ಇರಬೇಕಾದರೆ ಕಾರ್ಡಿನ ಎತ್ತರಕ್ಕೆ ಕನಿಷ್ಠ 40 ಸೇರಿಸಿ ನೋಡಬೇಕು. ಗಾಜು ಕೇಬಲನ್ನು ಒತ್ತಿ ಹಿಡಿದಿರುವ ಫೋಟೋಗಳನ್ನು ಹೆಮ್ಮೆಯಿಂದ ಹಾಕುವವರಿದ್ದಾರೆ, ಅದು ಚೆಂದವಲ್ಲ, ಅಪಾಯ.

ರೇಡಿಯೇಟರ್ ಮೇಲ್ಗಡೆ ಹಾಕಿ. 27 ಮಿ.ಮೀ. ರೇಡಿಯೇಟರ್, 25 ಮಿ.ಮೀ. ಫ್ಯಾನ್, ಒಟ್ಟು 52. ಕೇಸ್‌ನ ಚಾವಣಿಗೂ ಬೋರ್ಡ್‌ನ ಮೇಲಂಚಿಗೂ ನಡುವೆ ಅಷ್ಟು ಜಾಗ ಇದೆಯಾ, ವಿಆರ್‌ಎಂ (ಪ್ರೊಸೆಸರ್‌ಗೆ ಕರೆಂಟ್ ಹೊಂದಿಸಿ ಕೊಡುವ ಭಾಗ) ಹೀಟ್‌ಸಿಂಕ್ ಮತ್ತು ರ್ಯಾಮ್‌ನ ತಲೆ ತಾಗುವುದಿಲ್ಲವಾ ನೋಡಿ. ಅಲ್ಲೇ ಮೂಲೆಯಲ್ಲಿ ಪ್ರೊಸೆಸರ್‌ನ ಎರಡು 8-ಪಿನ್ ಕೇಬಲ್ ಬರುತ್ತವೆ, ರೇಡಿಯೇಟರ್ ಕೂರಿಸಿದ ಮೇಲೆ ಬೆರಳು ಹೋಗದು. ಮೊದಲು ಕೇಬಲ್, ಆಮೇಲೆ ರೇಡಿಯೇಟರ್. ಮುಂದೆ ಹಾಕುವ ಪರಿಸ್ಥಿತಿ ಬಂದರೆ ರೇಡಿಯೇಟರ್‌ನ ಮೇಲ್ತುದಿ ಪಂಪ್‌ಗಿಂತ ಎತ್ತರದಲ್ಲಿರಲಿ, ಕೊಳವೆಗಳು ಕೆಳಗಡೆಯಿಂದ ಹೊರಡಲಿ. ಪಂಪ್ ಎಲ್ಲಕ್ಕಿಂತ ಮೇಲಿದ್ದರೆ ಒಳಗಿನ ಗಾಳಿ ಅಲ್ಲಿ ಸೇರಿ ಕರಕರ ಸದ್ದು, ಕೊನೆಗೆ ಪಂಪ್ ಹಾಳು.

ಮೇಲಿನ ರೇಡಿಯೇಟರ್‌ಗೆ ಹೋಗುವುದು ಕಾರ್ಡ್ ಬಿಟ್ಟ ಬಿಸಿಗಾಳಿಯೇ. ಹಾಗಾಗಿ ಗೇಮ್ ಆಡುವಾಗ ಪ್ರೊಸೆಸರ್ ನಾಲ್ಕಾರು ಡಿಗ್ರಿ ಜಾಸ್ತಿ ತೋರಿಸಿದರೆ ಬೆಚ್ಚಬೇಡಿ. 9950ಎಕ್ಸ್ 95 ಡಿಗ್ರಿವರೆಗೆ ಹೋಗುವಂತೆ ಮಾಡಿದ ಚಿಪ್. ಸದ್ದು ಬೇಡವೆಂದರೆ ಬಯೋಸ್‌ನಲ್ಲಿ 105 ವ್ಯಾಟ್ ಇಕೋ ಮೋಡ್ ಹಾಕಿ. ಬಿಸಿ ಇಳಿದಷ್ಟು ವೇಗ ಇಳಿಯುವುದಿಲ್ಲ. ಕಾರ್ಡ್‌ಗೂ ಇದೇ ಮದ್ದು: ಪವರ್ ಲಿಮಿಟ್ ಶೇ. 80ಕ್ಕೆ ಇಟ್ಟರೆ 460 ವ್ಯಾಟ್, ಪಿನ್ ಒಂದಕ್ಕೆ 6.4 ಆಂಪಿಯರ್.

ಟೈಮ್‌ಲೈನ್:

ಎಲ್ಲರಿಗೂ ಧನ್ಯವಾದ. 9950ಎಕ್ಸ್, 64×2, 1200 ವ್ಯಾಟ್ ಎಟಿಎಕ್ಸ್ 3.1, ಜಾಲರಿ ಕೇಸ್ ಎಂದು ಬದಲಿಸಿದೆ. ಎರಡು ಉಪಪ್ರಶ್ನೆ. 5090 ಬದಲು 5080 ಎರಡು ಹಾಕಿದರೆ ಹೇಗೆ? ಜೆನ್5 ಎಸ್‌ಎಸ್‌ಡಿ ನಿಜಕ್ಕೂ ಬೇಕಾ?

ನೋಡ್‌ಟ್ರೀ:

ಎರಡು ಕಾರ್ಡ್‌ಗಳ ಮೆಮೊರಿ ಕೂಡುವುದಿಲ್ಲ. 5080ಗೆ 16 ಜಿಬಿ. ಎರಡು ಹಾಕಿದರೂ ನಿಮ್ಮ ಸೀನ್‌ಗೆ ಮಿತಿ 16, ಏಕೆಂದರೆ ಪೂರ್ತಿ ಸೀನ್ ಒಂದೊಂದು ಕಾರ್ಡ್‌ನಲ್ಲೂ ಕೂರಬೇಕು. ಜಿಫೋರ್ಸ್‌ನಲ್ಲಿ ಎನ್‌ವಿಲಿಂಕ್ (ಎರಡು ಕಾರ್ಡ್ ಜೋಡಿಸುವ ಕೊಂಡಿ) ಇದ್ದದ್ದು 3090ರ ಪೀಳಿಗೆಗೇ ಕೊನೆ. 5090ದ 32 ಜಿಬಿ ಒಂದೇ ಕಡೆ ಇದೆ, ಅದೇ ಅದರ ಹೆಚ್ಚುಗಾರಿಕೆ. ಸೀನ್ ಕಾರ್ಡ್‌ನ ಮೆಮೊರಿ ಮೀರಿದರೆ ಸೈಕಲ್ಸ್ ಸಿಸ್ಟಮ್ ರ್ಯಾಮ್‌ಗೆ ಕೈ ಚಾಚುತ್ತದೆ, ರೆಂಡರ್ ತೀರಾ ನಿಧಾನವಾಗುತ್ತದೆ, ಕೆಲವೊಮ್ಮೆ ಎರರ್ ಕೊಟ್ಟು ನಿಂತೇ ಹೋಗುತ್ತದೆ. ರಿಸಾಲ್ವ್‌ನಲ್ಲಿ ನಾಯ್ಸ್ ರಿಡಕ್ಷನ್ ಮತ್ತು ಫ್ಯೂಶನ್ (ಎಫೆಕ್ಟ್ಸ್ ಭಾಗ) ಕೂಡ ವಿಡಿಯೋ ಮೆಮೊರಿ ತಿನ್ನುವವೇ.

ನಿಜಕ್ಕೂ ಎರಡು ದೊಡ್ಡ ಕಾರ್ಡ್, 256 ಜಿಬಿ ಮೇಲ್ಪಟ್ಟ ರ್ಯಾಮ್ ಬೇಕಾದವರಿಗೆ ಎಎಂ5 ಜಾಗವೇ ಅಲ್ಲ. ಥ್ರೆಡ್‌ರಿಪ್ಪರ್ ಟಿಆರ್‌ಎಕ್ಸ್50 ನೋಡಬೇಕು. ಅದಕ್ಕೆ ರಿಜಿಸ್ಟರ್ಡ್ (ಸರ್ವರ್ ಬಗೆಯ) ಡಿಡಿಆರ್5 ಮಾತ್ರ ಆಗುತ್ತದೆ, ಈ ಸ್ಟಿಕ್‌ಗಳು ಅಲ್ಲಿ ಕೂರುವುದಿಲ್ಲ. ಪ್ರೊಸೆಸರ್ ಒಂದೇ 350 ವ್ಯಾಟ್. ನಿಮ್ಮ ಕೆಲಸಕ್ಕೆ ಬೇಡ.

ಹದಿನಾರು ಲೇನ್:

ಜೆನ್5 ಬೇಡ. 4ಕೆ ಎಚ್.265 ಫೂಟೇಜ್ 600 ಮೆಗಾಬಿಟ್ ಇದ್ದರೂ ಸೆಕೆಂಡಿಗೆ 75 ಎಂಬಿ. ನಾಲ್ಕು ಕ್ಯಾಮೆರಾ ಒಟ್ಟಿಗೆ ಓಡಿಸಿದರೂ 300. ಜೆನ್4 ಡ್ರೈವ್ 7000 ಓದುತ್ತದೆ. ಬಿಡಿ ಬಿಡಿ ಇಎಕ್ಸ್‌ಆರ್ (ದೊಡ್ಡ ಗಾತ್ರದ ಚಿತ್ರ ಫೈಲ್) ಫ್ರೇಮ್‌ಗಳನ್ನು ಓಡಿಸುವವರಿಗೆ ಬಿಟ್ಟರೆ ಜೆನ್5ರಿಂದ ಸಿಗುವುದು ಬಿಸಿ.

ಗಮನ ಕೊಡಬೇಕಾದದ್ದು ಬರೆಯುವ ವೇಗ, ಅದೂ ದೀರ್ಘಕಾಲದ್ದು. ಪೆಟ್ಟಿಗೆ ಮೇಲಿನ ಸಂಖ್ಯೆ ಎಸ್‌ಎಲ್‌ಸಿ ಕ್ಯಾಶೆ (ವೇಗವಾಗಿ ಬರೆಯುವ ತಾತ್ಕಾಲಿಕ ಜಾಗ) ಖಾಲಿ ಇರುವಾಗಿನದು. ಕ್ಯಾಶೆ ತುಂಬಿದ ಮೇಲೆ ಕ್ಯುಎಲ್‌ಸಿ (ಸೆಲ್ ಒಂದರಲ್ಲಿ ನಾಲ್ಕು ಬಿಟ್ ಇಡುವ) ಡ್ರೈವ್‌ಗಳು ಹಾರ್ಡ್ ಡಿಸ್ಕ್ ಮಟ್ಟಕ್ಕೆ ಇಳಿಯುವುದುಂಟು. ಟಿಎಲ್‌ಸಿ (ಸೆಲ್‌ಗೆ ಮೂರು ಬಿಟ್), ಡಿರ್ಯಾಮ್ ಇರುವ ಡ್ರೈವ್ ತೆಗೆದುಕೊಳ್ಳಿ, ಐದನೇ ಒಂದು ಭಾಗ ಯಾವಾಗಲೂ ಖಾಲಿ ಬಿಡಿ. ಸಿಸ್ಟಮ್ ಒಂದರಲ್ಲಿ, ಫೂಟೇಜ್ ಇನ್ನೊಂದರಲ್ಲಿ, ರಿಸಾಲ್ವ್ ಕ್ಯಾಶೆ ಮೂರನೆಯದರಲ್ಲಿ. ಬೋರ್ಡ್ ಜೊತೆ ಹೀಟ್‌ಸಿಂಕ್ ಬರುತ್ತದೆ, ಹೀಟ್‌ಸಿಂಕ್ ಅಂಟಿಸಿದ ಡ್ರೈವ್ ಕೊಂಡರೆ ಎರಡೂ ಒಂದರ ಮೇಲೊಂದು ಕೂರುವುದಿಲ್ಲ. ಹಾಗೆಯೇ ಬೋರ್ಡ್‌ನ ಹೀಟ್‌ಸಿಂಕ್ ಅಡಿಯ ಪ್ಯಾಡ್ ಮೇಲಿನ ಪ್ಲಾಸ್ಟಿಕ್ ಹಾಳೆ ಸುಲಿಯುವುದು ಮರೆಯಬೇಡಿ.

ಟೈಮ್‌ಲೈನ್:

ಕೊನೆಯದು. ಜೋಡಿಸಿದ ಮೇಲೆ ಯಾವ ಕ್ರಮದಲ್ಲಿ ಪರೀಕ್ಷಿಸಬೇಕು?

ಪಿನ್‌ಔಟ್:

ಎಲ್ಲವನ್ನೂ ಒಮ್ಮೆಗೇ ಹಾಕಿ ಬಟನ್ ಒತ್ತಬೇಡಿ. ಮೊದಲು ಕೇಸ್ ಹೊರಗೆ, ಬೋರ್ಡ್ ಪೆಟ್ಟಿಗೆಯ ಮೇಲೆ: ಪ್ರೊಸೆಸರ್, ಕೂಲರ್, ರ್ಯಾಮ್ ಮಾತ್ರ. ಸ್ಟಿಕ್‌ಗಳು ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿ. ಪರದೆಯನ್ನು ಬೋರ್ಡ್‌ನ ಎಚ್‌ಡಿಎಂಐಗೆ ಕೊಡಿ. ಪ್ರೊಸೆಸರ್‌ನ 8-ಪಿನ್ ಮತ್ತು ಪಿಸಿಐಇಯ 8-ಪಿನ್ ನೋಡಲು ಒಂದೇ ಥರ, ಧ್ರುವ ಮಾತ್ರ ಉಲ್ಟಾ. ಕೇಬಲ್ ಮೇಲಿನ ಅಕ್ಷರ ಓದಿ ಹಾಕಿ, ಬಲವಂತ ಬೇಡ.

ಮೊದಲ ಸಲ ಹೊತ್ತಿಸಿದಾಗ ಪರದೆ ಕಪ್ಪಾಗಿಯೇ ಇರುತ್ತದೆ. ಮೆಮೊರಿ ಟ್ರೈನಿಂಗ್ (ಬೋರ್ಡ್ ರ್ಯಾಮ್‌ಗೆ ಹೊಂದಿಸಿಕೊಳ್ಳುವುದು) ನಡೆಯುತ್ತಿರುತ್ತದೆ, 128 ಜಿಬಿಗೆ ಹತ್ತು ನಿಮಿಷ ಹಿಡಿದರೂ ಆಶ್ಚರ್ಯವಿಲ್ಲ. ಬೋರ್ಡ್‌ನಲ್ಲಿ ಡಿರ್ಯಾಮ್ ಎಂದು ಬರೆದ ದೀಪ ಹೊತ್ತಿರುತ್ತದೆ. ಸತ್ತೇ ಹೋಯಿತು ಎಂದು ಕರೆಂಟ್ ತೆಗೆದರೆ ಮತ್ತೆ ಮೊದಲಿಂದ ಶುರು.

ಬಯೋಸ್ ಸಿಕ್ಕ ಕೂಡಲೇ ಹೊಸ ಆವೃತ್ತಿಗೆ ಏರಿಸಿ. ಎಕ್ಸ್‌ಪೋ ಆಫ್ ಇಟ್ಟೇ ಮೆಮ್‌ಟೆಸ್ಟ್86 ನಾಲ್ಕು ಸುತ್ತು ಓಡಿಸಿ. ಇಲ್ಲೇ ಎರರ್ ಬಂದರೆ ಬಹುತೇಕ ಸ್ಟಿಕ್ ಕೆಟ್ಟಿದೆ, ವಾಪಸ್ ಕೊಡಿ. ದಾಟಿತೆಂದರೆ ಎಕ್ಸ್‌ಪೋ ಆನ್ ಮಾಡಿ ಮತ್ತೆ ನಾಲ್ಕು ಸುತ್ತು. ಈಗ ಎರರ್ ಬಂದರೆ ಕೆಟ್ಟದ್ದೆಂದೇನಲ್ಲ: 5600ಕ್ಕೆ ಇಳಿಸಿ ನೋಡಿ. ಎಸ್‌ಒಸಿ (ಪ್ರೊಸೆಸರ್‌ನ ಮೆಮೊರಿ ಕಂಟ್ರೋಲರ್ ಇರುವ ಭಾಗ) ವೋಲ್ಟೇಜ್ ಎಷ್ಟಿದೆ ಎಂದು ಕಣ್ಣು ಹಾಯಿಸಿ, 1.3 ಮೇಲ್ಮಿತಿ, 1.2–1.25ರಲ್ಲಿ ಓಡಿದರೆ ಒಳ್ಳೆಯದು. ಪ್ರತಿ ಬೂಟ್‌ಗೂ ಟ್ರೈನಿಂಗ್ ಕಾಯುವುದು ಬೇಡವೆಂದು ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಆನ್ ಮಾಡುವುದಾದರೆ ಪವರ್ ಡೌನ್ ಎಂಬುದನ್ನೂ ಜೊತೆಗೆ ಆನ್ ಮಾಡಿ. ಒಂದನ್ನೇ ಮಾಡಿದರೆ ನೀಲಿ ಪರದೆ ಬರುವ ಸಾಧ್ಯತೆ ಹೆಚ್ಚು.

ಆಮೇಲೆ ಕೇಸ್ ಒಳಗೆ ಕೂರಿಸಿ, ವಿಂಡೋಸ್, ಚಿಪ್‌ಸೆಟ್ ಡ್ರೈವರ್. ಪ್ರೈಮ್95 ಲಾರ್ಜ್ ಎಫ್‌ಎಫ್‌ಟಿ ಒಂದು ಗಂಟೆ, ಪಕ್ಕದಲ್ಲಿ ಎಚ್‌ಡಬ್ಲ್ಯುಇನ್ಫೋ (ಸೆನ್ಸರ್ ತೋರಿಸುವ ಸಾಫ್ಟ್‌ವೇರ್) ತೆರೆದು ಡಬ್ಲ್ಯುಎಚ್‌ಇಎ (ವಿಂಡೋಸ್ ದಾಖಲಿಸುವ ಹಾರ್ಡ್‌ವೇರ್ ದೋಷ) ಎರರ್ ಸಾಲು ಸೊನ್ನೆ ಇದೆಯಾ ನೋಡುತ್ತಿರಿ. ಕ್ರ್ಯಾಶ್ ಆಗದೆಯೂ ಆ ಸಂಖ್ಯೆ ಏರುತ್ತಿದ್ದರೆ ಮೆಮೊರಿಯೋ ಪಿಸಿಐಇಯೋ ಅಸ್ಥಿರ ಎಂದರ್ಥ.

ಗ್ರಾಫಿಕ್ಸ್ ಕಾರ್ಡ್ ಕೊನೆಗೆ. ಬ್ಲೆಂಡರ್‌ನಲ್ಲಿ ಅರ್ಧ ಗಂಟೆಯ ರೆಂಡರ್ ಕೊಟ್ಟು ಕೇಬಲ್‌ನ ಮೇಲೆ ಬೆರಳಿಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಒಂದು ತಂತಿ ಮಾತ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ರೆಂಡರ್ ನಿಲ್ಲಿಸಿ, ಪೂರ್ತಿ ಆಫ್ ಮಾಡಿ, ಕನೆಕ್ಟರ್ ಎರಡೂ ತುದಿಯಲ್ಲಿ ತೆಗೆದು ಪಿನ್ ನೋಡಿ. ಸಪ್ಲೈ ಕಡೆಯ ತುದಿಯನ್ನು ಯಾರೂ ನೋಡುವುದಿಲ್ಲ, ಅಲ್ಲೂ ಕರಗುತ್ತದೆ.